ಆಸನೂರು ಗೇಟಿನಲ್ಲಿ ಮಂಜುಗಡ್ಡೆ

ಸಂಜೆ ಆರಕ್ಕೆ ಗೇಟು ಬಿತ್ತು. ಇನ್ನು ಬೆಳಗಿನ ಆರರವರೆಗೆ
ಘಾಟಿ ಆನೆಯದು, ಚಿರತೆಯದು. ಲಾರಿಯದಲ್ಲ.
ನನ್ನ ಅಂಗಡಿ ಮುಂದೆ ಕಬ್ಬಿನ ಲೋಡು ಹನ್ನೊಂದು,
ಎಲೆಕೋಸು ನಾಲ್ಕು, ಕರಿಕಲ್ಲು ಒಂದು.
ಗ್ಲಾಸು ತೊಳೆದು ಕವುಚಿ ಹಾಕಿ
ಟೀವಿ ಹಚ್ಚಿದೆ.

ಬಿಳೀ ದೇಶ. ಕೆರೆಯೋ ಸಮುದ್ರವೋ, ಹೆಪ್ಪುಗಟ್ಟಿ
ಹಾಸುಗಲ್ಲಾಗಿದೆ. ಅದರ ಮೇಲೆ ಹದಿನೆಂಟು ಗಾಲಿಯ ಲಾರಿ,
ಯಾವುದೋ ಗಣಿಗೆ ಡೀಸೆಲ್ ಹೊತ್ತು.
ಕೆಂಪು ಗಡ್ಡದ ಡ್ರೈವರು ಬಾಯಿ ತೆರೆದರೆ
ಅಪ್ಪಟ ಮಧುರೆ ತಮಿಳು!
ಬೆಂಚಿಗೆ ಬೆಂಚೇ ನಕ್ಕಿತು.

"ಹಾರ್ನು ಹೊಡೀದೆ ಹೆಂಗೋಯ್ತಾನೆ?"
"ಯಾರಿಗ್ ಹೊಡೀಬೇಕು? ಎದುರ್ಗೊಂದು ನಾಯೀನೂ ಇಲ್ಲ."
"ನಿಂಬೆಹಣ್ಣೆಲ್ಲಿ, ಕುಂಕುಮ ಎಲ್ಲಿ?"
"ಬಾಗ್ಲು ತೆಕ್ಕಂಡೇ ಓಡಿಸ್ತಾವ್ನಲ್ಲ, ಚಳಿ ಆಗಲ್ವಾ?"
ಬಾಗಿಲು ಯಾಕೆಂದು ಟೀವಿಯೇ ಹೇಳಿತು:
ಗಡ್ಡೆ ಒಡೆದರೆ ನೆಗೆಯಲು.
ಸ್ವಲ್ಪ ಹೊತ್ತು ಯಾರೂ ಗ್ಲಾಸು ಎತ್ತಲಿಲ್ಲ.

ಜೋರಾಗಿ ಹೋದರೆ ಕೆಳಗಿನ ನೀರು ಅಲೆಯಾಗಿ
ಮುಂದೆ ಓಡಿ, ದಡಕ್ಕೆ ಬಡಿದು,
ತಿರುಗಿ ಬಂದು ಗಡ್ಡೆ ಸೀಳುತ್ತದಂತೆ.
ಅದಕ್ಕೆ ಅಲ್ಲೂ ಆಮೆ ನಡೆ.
ಬೇಸಿಗೆ ಬಂತೆಂದರೆ ರಸ್ತೆಯೇ ಇಲ್ಲ, ಮೀನು ಓಡಾಡುತ್ತವೆ.

ಲಟಕ್ ಎಂದಿತು ಗಡ್ಡೆ. ಅಲ್ಲಿಗೇ ಜಾಹೀರಾತು,
ಬಟ್ಟೆ ಬೆಳ್ಳಗಾಗುವ ಸೋಪು.
ಜಡೇಸ್ವಾಮಿ, ಮೂವತ್ತು ವರ್ಷದ ಸ್ಟೇರಿಂಗು, ಬೀಡಿ ಆರಿಸಿದ:
"ಅಂವ್ನಿಗೆ ಮೂರು ಕ್ಯಾಮ್ರ ಕಣಕ್ಕ. ಮುಖಕ್ಕೊಂದು, ಗಾಲಿಗೊಂದು,
ಐಸ್ ಕೆಳಗೊಂದು.
ಹದಿನಾಲ್ಕನೇ ತಿರುವಲ್ಲಿ ನಂಗೆ ಬ್ರೇಕು ಹೋದಾಗ
ನೋಡ್ದೋರು ಯಾರು? ಒಂದು ಮುಸುವ.
ಅದೂ ಕೆರ್ಕೋತಾ ಕೂತಿತ್ತು."

ಬೇದೇಗೌಡ ಅವನ ಕ್ಲೀನರು. ಮೇಲಿನ ಪೋಡಿನ ಸೋಲಿಗರ ಹುಡುಗ,
ಮಾತು ಕಮ್ಮಿ. ಬನ್ನು ಅದ್ದಿಕೊಂಡು ತಿನ್ನುತ್ತಿದ್ದವನು ಕೇಳಿದ:
"ಅಣ್ಣೋ, ಲಾರಿ ಎದುರಿಂದ ಬರೋದ ತೋರುಸ್ತಾರಲ್ಲ,
ಹಂಗಾದ್ರೆ ಅಂವ್ನಿಗಿಂತ ಮುಂದ್ಕೋಗಿ
ಆ ಗಡ್ಡೆ ಮ್ಯಾಲೆ ನಿಂತಿರೋನು ಯಾರು?"

ಯಾರೂ ಅದನ್ನು ಯೋಚಿಸಿರಲಿಲ್ಲ. ನಾನೂ.
ಆಮೇಲೆ ಲಾರಿಯ ದೀಪ ದೂರದಿಂದ ಬೆಳೆದಾಗೆಲ್ಲ
ಚಿತ್ರದಲ್ಲಿಲ್ಲದ ಎರಡು ಕಾಲುಗಳನ್ನೇ ಹುಡುಕಿದೆ.
ತೂತು ಕೊರೆದು ದಪ್ಪ ಅಳೆದವನು,
ಉಚ್ಚೆ ಹೊಯ್ಯಲೂ ಆಗದ ಚಳಿಯಲ್ಲಿ ಕಾದವನು,
ಕೊನೆಗೆ ಹೆಸರು ಓಡುತ್ತವಲ್ಲ, ಅದರೊಳಗೆ
ಓದಲಾಗದಷ್ಟು ಬೇಗ ಓಡಿಹೋದವನು.

ರಾತ್ರಿ ಎರಡಕ್ಕೆ ಒಂಟಿ ಸಲಗ ಬಂದು ಮೂರನೇ ಲಾರಿಯಿಂದ
ಎರಡು ಕಂತೆ ಕಬ್ಬು ಎಳೆಯಿತು.
ಸುಂಕ. ಯಾರೂ ಕೂಗಲಿಲ್ಲ.

ಬೆಳಗ್ಗೆ ಗೇಟು ಎದ್ದಾಗ ದಿಂಬಂವರೆಗೂ ಮಂಜು,
ಟೀವಿಯೊಳಗಿನಷ್ಟೇ ಬಿಳಿ. ಗಾಜಿನಾಚೆ ಏನೂ ಇಲ್ಲ.
ಇಪ್ಪತ್ತೇಳು ತಿರುವು ಎಲ್ಲೋ ಮಡಚಿಕೊಂಡು ಮಲಗಿವೆ.
ಜಡೇಸ್ವಾಮಿ ಎಡಗಡೆ ಸೀಟು ನೋಡಿದ. ಖಾಲಿ.
ಹುಡುಗ ಆಗಲೇ ಇಳಿದಿದ್ದ, ಒಂದು ಕೈಲಿ ಟಾರ್ಚು,
ಇನ್ನೊಂದರಲ್ಲಿ ಗಾಲಿಗೆ ಕೊಡುವ ಕಲ್ಲು.
ಸಾಲಿನಿಂದ ಲಾರಿ ಹೊರಗೆಳೆಯಲು ಮುಂದೆ ಮುಂದೆ ನಡೆದ.
ಹತ್ತು ಹೆಜ್ಜೆಗೆ ಹುಡುಗ ಅಳಿಸಿಹೋದ. ಕಲ್ಲೂ.
ರೈಟ್, ರೈಟ್, ಇನ್ನೂ ಬಾ, ಎನ್ನುವ ದನಿ ಮಾತ್ರ
ಲೋಡನ್ನು ಎಳೆದುಕೊಂಡು ಹೋಯಿತು.

ಎರಡು ಟೀ, ಒಂದು ಬನ್ನು ಬಾಕಿ.
ಇಷ್ಟು ದಿನ ಪುಸ್ತಕದಲ್ಲಿ ಎಲ್ಲವೂ ಜಡೇಸ್ವಾಮಿ ಲೆಕ್ಕ.
ಇವತ್ತು ಒಂದು ಟೀ, ಬನ್ನು ಬೇರೆ ಗೆರೆಗಿಳಿಸಿ
ಬೇದೇಗೌಡ ಅಂತ ಬರೆಯುತ್ತಿದ್ದೆ,
ದೀರ್ಘ ಕೊಟ್ಟೆನೋ ಇಲ್ಲವೋ,
ಹಾಲು ಉಕ್ಕಿತು.