ಮುಚ್ಚಳ

ಮಾಜಾಳಿ ಗಾಬಿತವಾಡದ ಶಾಲೆ. ನಾಳೆ ಮತದಾನ.
ಬಸ್ಸು ಪೆಟ್ಟಿಗೆಗಳನ್ನಿಳಿಸಿ, ನಮ್ಮನ್ನಿಳಿಸಿ
ಧೂಳೆಬ್ಬಿಸಿ ಹೋದಾಗ
ನಮಗೆ ಹೆಸರಿರಲಿಲ್ಲ.
ಪಿಆರ್‌ಓ, ಎಪಿಆರ್‌ಓ, ಪಿಓ ಎರಡು, ಪಿಓ ಮೂರು, ಪಿಓ ನಾಲ್ಕು,
ಮತ್ತೆ ಲಾಠಿ ಹಿಡಿದ ಹೋಮ್‌ಗಾರ್ಡ್ ಒಬ್ಬ.

ಕರೆಂಟು ಸಂಜೆಯೇ ಹೋಗಿತ್ತು.
ನಲ್ಲಿ ನೀರು ಉಪ್ಪು; ಚಹಾ ಒಡೆಯಿತು.
ನಾಲ್ಕನೇ ಕ್ಲಾಸಿನ ಬೆಂಚು ಜೋಡಿಸಿ,
ಅರಗು ಕರಗಿಸಲೆಂದು ಲೆಕ್ಕ ಹಾಕಿ ಕೊಟ್ಟ
ಮೇಣದಬತ್ತಿಯನ್ನೇ ಹಚ್ಚಿದೆವು.

ಮೊದಲು ಬುತ್ತಿ ಬಿಚ್ಚಿದವರು ಭಟ್ಕಳದ ಶಾಬಂದ್ರಿ ಮೇಡಂ.
ಅತ್ತೆ ತುಂಬಿಕೊಟ್ಟ ಹಲ್ವ.
ಚಾಕು ಇಲ್ಲ, ಕಿಟ್ಟಿನ ಬ್ಲೇಡಿನಿಂದಲೇ ಆರು ಭಾಗ.
ಐದು ಎದ್ದವು.

ಜೋಯಿಡಾದ ಬಾಬಳೋ ವೇಳಿಪ
ಪೆಪ್ಸಿ ಬಾಟಲಿಯಲ್ಲಿ ನಾಚಣಿ ಆಂಬಿಲ ತಂದಿದ್ದ.
ಬಿರಡೆ ತಿರುಗಿಸಿದ್ದೇ ತಡ, ಬುಸ್ಸೆಂದು
ಮತದಾರರ ಯಾದಿಯ ಮೇಲೆ ನಾಲ್ಕು ಹನಿ:
ಇನ್ನೂರ ಹನ್ನೊಂದು, ಯೇಸುಬಾಯಿ ತಾಂಡೇಲ, ಐವತ್ತಾರು.
ಅವಳ ಹೆಸರನ್ನು ಊದಿ ಊದಿ ಒಣಗಿಸಿದೆವು.

ನನ್ನದು ತೊಡದೇವು.
ಸಿದ್ದಾಪುರದಿಂದ ಮಡಿಲಲ್ಲಿಟ್ಟು ತಂದರೂ ಅರ್ಧ ಪುಡಿ,
ಉಳಿದರ್ಧ ಕಡಲ ಗಾಳಿಗೆ ಮೆತ್ತಗೆ.
ಕಬ್ಬಿನ ಹಾಲು, ಬೋರಲು ಗಡಿಗೆ, ಬಟ್ಟೆಯಲ್ಲಿ ಬಳಿಯುವ ಬಗೆ
ಎಂದೆಲ್ಲ ಹೇಳಿದೆ. ಯಾರು ಕೇಳಿದರು,
ಬೆರಳಿಗೆ ಪುಡಿ ಅಂಟಿಸಿ ನೆಕ್ಕುತ್ತಿದ್ದರು.
ಪಿಆರ್‌ಓ ಸಾಹೇಬರು ಒಂದು ಹಾಳೆ ಬೆಳಕಿಗೆ ಹಿಡಿದು
"ಹಿಂದೆ ಮತಪತ್ರ ಇಷ್ಟೇ ತೆಳು ಇತ್ತು" ಅಂದರು,
ನಿಯಮದ ಪ್ರಕಾರ ಎರಡು ಸಲ ಮಡಚಿ
ಬಾಯಿಗೆ ಹಾಕಿದರು.

ಹೆಗಡೆಯವರು, ಶಿರಸಿ, ಶಾಯಿ ಹಚ್ಚುವ ಪಿಓ,
ಕಿಟಕಿ ಪಕ್ಕ. ತೊಡೆಯ ಮೇಲೆ ಥರ್ಮಾಸು.
"ನಂಗೆ ಹೊರಗಿಂದು ಆಗೂದಿಲ್ಲ, ಹೊಟ್ಟೆ ಸರಿ ಇಲ್ಲ."
ಹೊಟ್ಟೆಯ ಮಾತಲ್ಲ ಅದು. ಎಲ್ಲರಿಗೂ ಗೊತ್ತಿತ್ತು.
ಎಲ್ಲರೂ ಹೊಟ್ಟೆಗೇ ಮದ್ದು ಹೇಳಿದೆವು:
ಓಮ, ಜೀರಿಗೆ, ಮುರುಗಲ ಸಿಪ್ಪೆ.

ಬಿಸಿಯೂಟದ ಚೊಪ್ಡೇಕರಬಾಯಿ ಕೊಡಪಾನ ಹೊತ್ತು ಬಂದಳು,
ಹಿಂದೆಯೇ ತಪಾಸಣೆಯ ಜೀಪು.
ಗೋವಾ ಗಡಿ ಕೂಗಳತೆ; ಟಾರ್ಚು ಕೊಡಪಾನದೊಳಕ್ಕೆ.
"ಏನದು ಕೆಂಪು?"
"ಸೋಲಾಂಚಿ ಕಡಿ ರೆ ಪುತಾ."
ಸಾಹೇಬ ಒಂದು ಲೋಟ ಕುಡಿದ, ಇನ್ನೊಂದು ಕುಡಿದ,
"ಪರಿಶೀಲಿಸಲಾಗಿದೆ" ಎಂದು ಬರೆದು ಹೋದ.

ಹೋಮ್‌ಗಾರ್ಡ್ ಇನಾಸ ಸಿದ್ದಿ
"ನಂದೇನೂ ಇಲ್ಲ" ಅಂತ ಯಾವಾಗಲೋ ಎದ್ದು ಹೋದವ
ಗೋಣಿಯಲ್ಲಿ ಸುತ್ತಿದ ಐಸಿನ ಗಡ್ಡೆ ಹೊತ್ತು ತಂದ.
ದಕ್ಕೆಯ ಐಸು. ಲಾಠಿಯಿಂದ ಒಡೆದ.
"ಹೊಸದು. ಮೀನಿನ ಮುಖ ಇನ್ನೂ ನೋಡಿಲ್ಲ,"
ಅಂದ, ಹೆಗಡೆಯವರ ಮುಖ ನೋಡದೆ.

ಸೆಖೆ. ಏನು ಸೆಖೆ ಅಂತೀರಿ.
ಥರ್ಮಾಸು ಬಿಚ್ಚಿತು. ಅಪ್ಪೆಹುಳಿ, ಇಂಗಿನ ಒಗ್ಗರಣೆ.
ಹೆಗಡೆಯವರು ಒಂದು ಚೂರು ಐಸು ಆರಿಸಿ
ಮುಚ್ಚಳಕ್ಕೆ ಹಾಕಿ ಕುಡಿದರು,
ಮತ್ತೆ ತುಂಬಿಸಿ ಇನಾಸನ ಕಡೆ ಚಾಚಿದರು.
ಅವನು ತಲೆಯೆತ್ತಿ, ಮೇಲಿಂದ ಹೊಯ್ದುಕೊಳ್ಳಲು ಹೋಗಿ
ಹುಳಿಯೆಲ್ಲ ಗಲ್ಲಕ್ಕೆ, ಖಾಕಿಗೆ.
"ಕಚ್ಚೇ ಕುಡಿಯೋ ಮಾರಾಯ, ಚೆಲ್ಬೇಡ."
ಸಿಟ್ಟಲ್ಲೇ ಅಂದರು.
ಆರನೆಯ ಹಲ್ವ ಬೆಳಗಿನ ತನಕ ಅಲ್ಲೇ ಇತ್ತು.

ಮರುದಿನ ಆರುನೂರ ನಲವತ್ತು ಎಡಗೈ ಹಿಡಿದರು ಹೆಗಡೆಯವರು.
ಇನ್ನೂರ ಹನ್ನೊಂದರ ಉಗುರಿಗೆ ಮೀನಿನ ಹುರುಪೆ ಅಂಟಿ
ಶಾಯಿ ನಿಲ್ಲಲಿಲ್ಲ. ತಮ್ಮ ಕರವಸ್ತ್ರದಿಂದ ಒರೆಸಿ
ಇನ್ನೊಮ್ಮೆ ಎಳೆದರು.

ಮತದ ಲೆಕ್ಕ ತಾಳೆಯಾಯಿತು.
ಮೇಣದಬತ್ತಿ ಒಂದು ಕಮ್ಮಿ ಅಂತ
ಕಾರವಾರದ ಕೌಂಟರಿನಲ್ಲಿ ಬೈಸಿಕೊಂಡು
ಅವರವರ ಬಸ್ಸಿಗೆ ಓಡಿದೆವು. ಯಾರ ನಂಬರೂ ತಗೊಳ್ಳಲಿಲ್ಲ.

ಮನೆಯಲ್ಲಿ ಡಬ್ಬಿಯ ಮುಚ್ಚಳ ಸರಿ ಕೂರಲೊಲ್ಲದು.
ತಿರುಗಿಸಿದರೆ ಚುಕ್ಕಿ ಚುಕ್ಕಿಯಲ್ಲಿ ಕೊರೆದಿದೆ:
ಶಾಬಂದ್ರಿ, ಭಟ್ಕಳ.
ಒತ್ತಿದರೆ ಕೂರುತ್ತದೆ,
ಒಂದು ಕಡೆ ತುಸು ಎದ್ದೇ ಇರುತ್ತದೆ.
ಇರುವೆಗೆ ಅಷ್ಟು ಸಾಕು.