ಮೆಮೋಗೆ ಉತ್ತರ, ಮೊದಲ ಕರಡು

ಲವೀನಾ ಮೊಂತೇರೊ, ಸ್ಟಾಫ್ ನರ್ಸ್,
ಮೂರು ದಿನದೊಳಗೆ ವಿವರಣೆ ಕೊಡತಕ್ಕದ್ದು, ಎಂದಿದೆ.
ಮೆಮೋ ಮಲಯಾಳದಲ್ಲಿ. ಉತ್ತರವೂ ಹಾಗೇ ಹೋಗಬೇಕು.
ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ವಾರ್ಡಿನಲ್ಲಿ ಎಲ್ಲವೂ;
ಬರೆದು ಯೋಚಿಸಲು ಮಾತ್ರ ನನಗೆ
ಬೇಳದ ಶಾಲೆಯ ಕನ್ನಡವೇ ಬೇಕು.
ಹಾಗಾಗಿ ಮೊದಲು ಇಲ್ಲಿ, ಹಳೆಯ ಚಾರ್ಟಿನ ಬೆನ್ನಿನಲ್ಲಿ.

ಹೌದು ಮೇಡಂ, ರೀಲ್ ನನ್ನದೇ.
ಹನ್ನೊಂದು ಸೆಕೆಂಡು. ಬೆಳಿಗ್ಗೆ ಐದೂ ನಲವತ್ತು.
ಫೋನು ಹಿಡಿದವಳ ಹೆಸರು ಕೇಳಿದ್ದೀರಿ.
ಗೋಡೆಗೆ ಒರಗಿಸಿಟ್ಟಿದ್ದೆ ಎಂದು ಬರೆದುಕೊಳ್ಳಿ.

ಆ ರಾತ್ರಿ ಮೂವತ್ತೆರಡು ಹಾಸಿಗೆಗೆ ನಾನು ಮತ್ತು — ಇರಲಿ.
ಎರಡು ಗಂಟೆಗೆ ಕರೆಂಟು ಹೋಯಿತು,
ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಉಬ್ಬಸದ ಹುಡುಗನ ಬಾಯಿಗೆ ಸ್ಪೇಸರ್ ಹಿಡಿದು,
ಫೋನಿನ ಟಾರ್ಚನ್ನು ಹಲ್ಲಲ್ಲಿ ಕಚ್ಚಿ (ಇದೇ ಫೋನು)
ಎಳಿ ಮಗಾ, ಬಿಡು, ಎಳಿ, ಬಿಡು.
ಹೊರಗೆ ಹೆದ್ದಾರಿ ಕೆಲಸದ ಲಾರಿಗಳು.
ಬೆಳಕು ಹರಿಯುವಾಗ ಅವನು ಬಿಸ್ಕೆಟ್ ಕೇಳಿದ.
ನರ್ಸಿನ ಕೈ ಕಣ್ಣಿಗೆ ಬೀಳುವುದು ಸೂಜಿ ತಪ್ಪಿದಾಗ ಮಾತ್ರ.
ನನ್ನನ್ನು ಯಾರಾದರೂ ನೋಡಬೇಕು ಅನಿಸಿತು.
ಕುಣಿದೆ.

ರೋಗಿಗಳ ಮುಖ ಒಂದೂ ಬಾರದಂತೆ
ಎರಡೆರಡು ಸಲ ನೋಡಿಯೇ ಹಾಕಿದ್ದೆ.
ಕಂಬಳಿಯನ್ನು ನೋಡಲಿಲ್ಲ.

ನನ್ನ ಎಡಭುಜದ ಹಿಂದೆ, ಅರೆತೆರೆದ ಬಾಗಿಲಲ್ಲಿ
ಹಾಸಿಗೆ ಹದಿನಾಲ್ಕರ ಕಂಬಳಿ: ಮರೂನ್ ಬಣ್ಣ, ನಡುವೆ ಹುಲಿ,
ಒಂದು ಕಣ್ಣಿನ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ.
ಉಪ್ಪಳದಲ್ಲಿ ಹುಲಿ ಕಂಬಳಿ ಮನೆಗೆರಡಿವೆ.
ಒಕ್ಕಣ್ಣಿನ ಹುಲಿ ಒಂದೇ.
ಅದನ್ನು ಕಳಿಸಿದವನು ಅಜ್ಮಾನಿನಲ್ಲಿ, ಮಂಚದ ಮೇಲಿನ ಮಂಚದಲ್ಲಿ
ಅಂಗಾತ ಮಲಗಿ ಹೆಬ್ಬೆರಳಲ್ಲಿ ಲೋಕ ಸರಿಸುತ್ತಿದ್ದ.

ಆಕೆಯ ಹೆಸರು ಇಲ್ಲಿ ಬರೆಯುವುದಿಲ್ಲ.
ಇಷ್ಟಾದರೂ ಕಲಿತೆ.
ದಾಖಲಾದ ದಿನ ನಾಡಿ ನೋಡಲು ಹೋದವಳ
ಮಣಿಕಟ್ಟನ್ನು ಅವಳೇ ಹಿಡಿದುಕೊಂಡಳು:
"ಮಗನಿಗೆ ಗೊತ್ತಾಗಬಾರದು ಮೋಳೇ. ಹೊಸ ವೀಸಾ, ಬಂದರೆ ಕೆಲಸ ಹೋಯಿತು.
ಮೀನುಸಾರು ಮಾಡಿದೆ ಅಂತ ದಿನಾ ವಾಯ್ಸ್ ಕಳಿಸ್ತೇನೆ."
ಆಗಲಿ ಉಮ್ಮಾ, ಎಂದಿದ್ದೆ.
ಕೇಸ್‌ಶೀಟಿನಲ್ಲಿ ಆ ಮಾತಿಗೆ ಕಾಲಂ ಇಲ್ಲ.

ಅವನು ಬಂದ. ಬ್ಯಾಗಿನ ಟ್ಯಾಗ್ ಸಹ ಕಿತ್ತಿರಲಿಲ್ಲ.
ಸಿಸ್ಟರ್, ನೀವು ಹಾಕದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ,
ಎಂದು ಕೈ ಮುಗಿದು ಅತ್ತ.
ಅವನಿಂದ ಒಂದು ಸಾಲು ಬರೆಸಿಕೋ, ಉತ್ತರಕ್ಕೆ ಲಗತ್ತಿಸು,
ಎಂದವರುಂಟು.
ಲಗತ್ತಿಸುವುದಿಲ್ಲ.

ಅದೇ ಸಂಜೆ ಬಿಪಿ ನೋಡಲು ಹೋದಾಗ
ಆಕೆ ತೋಳು ಕೊಟ್ಟಳು, ಮುಖ ಕೊಡಲಿಲ್ಲ.
ಗೋಡೆ ನೋಡುತ್ತಲೇ ಕೇಳಿದಳು:
"ಅವನಿಗೆ ಹೇಳುವುದೋ ಬಿಡುವುದೋ, ಅದು ನನ್ನದಲ್ಲವಾ?"
ಗಾಳಿ ಇಳಿಯುತ್ತಿತ್ತು, ಮುಳ್ಳು ನಡುಗುತ್ತಿತ್ತು.
ಮೇಲಿನದು ನೂರ ಎಪ್ಪತ್ತು. ಕೆಳಗಿನದು ನನಗೆ ಕೇಳಿಸಲಿಲ್ಲ,
ಇನ್ನೊಮ್ಮೆ ಪಟ್ಟಿ ಸುತ್ತಬೇಕಾಯಿತು.

ರೀಲ್ ಅಳಿಸಿದ್ದೇನೆ.
ಅಷ್ಟರಲ್ಲಿ ನಲವತ್ತೊಂದು ಸಾವಿರ ಮಂದಿ ನನ್ನ ನಗು ನೋಡಿದ್ದರು.
ಹುಲಿಯನ್ನು ನೋಡಿದವನು ಒಬ್ಬ.

ಶಿಕ್ಷೆ ಏನಿದ್ದರೂ ಸರಿ.
ರಾತ್ರಿ ಪಾಳಿ ಮಾತ್ರ ತಪ್ಪಿಸಬೇಡಿ.
ಎರಡರಿಂದ ನಾಲ್ಕರವರೆಗೆ ಆಕೆಗೆ ನಿದ್ದೆ ಇಲ್ಲ,
ಕಂಬಳಿ ಜಾರುತ್ತದೆ.

ನಾಳೆ ಇದನ್ನೆಲ್ಲ ಮಲಯಾಳಕ್ಕೆ ತಿರುಗಿಸಬೇಕು.
"ಮುಖ ಕೊಡಲಿಲ್ಲ" ಎಂಬುದಕ್ಕೆ ಅಲ್ಲಿ ಏನೆನ್ನುತ್ತಾರೋ.
ಅವಳನ್ನೇ ಕೇಳಬೇಕು,
ಹೆಸರು ಬರೆಯದೆ ಬಿಟ್ಟವಳನ್ನು.