ಕೆಂಪು ಚುಕ್ಕೆ

ದವಾಖಾನೆಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಲು
ಹುಬ್ಬಳ್ಳಿಯಿಂದ ಬಂದಳು ವಿನುತಾ ಕಟ್ಟೀಮನಿ.
ಡಾಕ್ಟರ್ ಅಮರಗುಂಡಪ್ಪ ಕೈ ತೊಳೆಯುತ್ತ ಅಂದರು:
ಏನಿದ್ದರೂ ಮಹಿಬೂಬನ್ನ ಕೇಳ್ರಿ.

ಮಹಿಬೂಬ ಅಂದರೆ ನಾನು.
ಕಾರಟಗಿಯ ಈ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷ,
ಗಿರಣಿಯ ತೌಡು ಕೂತ ಹನ್ನೊಂದು ರಿಜಿಸ್ಟರು.

ಹುಟ್ಟಿದ ತಾರೀಖು?
ಕಾಲುವೆಗೆ ಮೊದಲ ನೀರು ಬಂದ ವರ್ಷ, ಅಂದೆ.
ಅಡ್ಡಹೆಸರು?
ಹುಲಿಗೆಮ್ಮ ಏಳು ಮಂದಿ ಅದಾರ್ರೀ,
ಒಬ್ಬಾಕಿ ಬಳಿಗಾರ ಓಣಿಯಾಕಿ, ಒಬ್ಬಾಕಿ ಕೆಮ್ಮಿನಾಕಿ...
ನಗದೆ ಬರೆದುಕೊಂಡಳು.

ಆಮೇಲೆ ಬೆರಳಿಟ್ಟಳು: ಈ ಕೆಂಪು ಚುಕ್ಕೆ?
ಶಾಯಿ ಸಿಡಿದದ್ದು, ಅಂದೆ.
ಯಾಕೆ ಹಾಗೆ ಅಂದೆನೋ.
ಮೂರು ದಿನಕ್ಕೆ ಬಂದವಳ ಮುಂದೆ
ಮನೆಯ ಗುಟ್ಟು ಯಾರು ಬಿಚ್ಚುತ್ತಾರೆ?

ಸೋಮವಾರ ಪರದೆ ಹೊತ್ತಿತು.
ಕೆಮ್ಮಿನ ಹುಲಿಗೆಮ್ಮನ ಹೆಸರಿಗೆ
ಚೀಟಿ ತಾನೇ ಹೊರಬಂತು: ಇನ್ನೂರು ರೂಪಾಯಿ.
ಸೆರಗಿನ ಗಂಟು ಬಿಚ್ಚಿ ನೋಡಿದಳು, ಮತ್ತೆ ಕಟ್ಟಿದಳು.
ನಾಳೆ ಬರ್ತೀನೋ ತಮ್ಮಾ.
ಮರುದಿನ ಬರಲಿಲ್ಲ. ಬುಧವಾರವೂ.

ರಾತ್ರಿ ಫೋನು ಹಚ್ಚಿದೆ:
ಮೇಡಂ, ಅದು ಶಾಯಿಯಲ್ಲ.
ಚುಕ್ಕೆ ಇದ್ದವರ ಹತ್ತಿರ ನಾವು ರೊಕ್ಕ ಕೇಳೋದಿಲ್ಲ.
ಡಾಕ್ಟರಿಗೂ ಗೊತ್ತು. ಬಾಯಿಬಿಟ್ಟು ಯಾರೂ ಆಡಿಲ್ಲ.

ಆ ಕಡೆ ಕುಕ್ಕರಿನ ಸೀಟಿ.
ನೀವು ಹೇಳಲಾರದ್ದನ್ನ ನಾ ಹೆಂಗ ಕಟ್ಟಲಿ, ಮಹಿಬೂಬಣ್ಣ?
ದನಿಯಲ್ಲಿ ಸಿಟ್ಟಿರಲಿಲ್ಲ.
ಎಷ್ಟು ಚುಕ್ಕೆ ಅದಾವು, ಓದ್ರಿ.

ಚಾಳೀಸು ಏರಿಸಿ ಮೊದಲ ರಿಜಿಸ್ಟರು ತೆರೆದೆ.
ಮುನ್ನೂರು ದಾಟಿದರೂ ಆಕೆ ಫೋನು ಇಡಲಿಲ್ಲ.

ಬೆಳಿಗ್ಗೆ ಸೈಕಲ್ಲು ಹಿಡಿದು
ಹುಲಿಗೆಮ್ಮನ ಓಣಿಗೆ ಹೋದೆ,
ಕಿಸೆಯಲ್ಲಿ ಕೆಮ್ಮಿನ ಔಷಧಿ, ಚೀಟಿ ಇಲ್ಲದ್ದು.